ಪೇಟಿ ಯಾವ ದೇಶದ್ದು?

ನಮ್ಮ ಕಡೆ ‘ಜರ್ಮನ್’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಅಡಿಗೆಮನೆಯಲ್ಲಿ ಜರ್ಮನ್ ಎಂದರೆ ಅಲ್ಯುಮಿನಿಯಂ. ಜರ್ಮನ್ ಡಬರಿ, ಜರ್ಮನ್ ತಾಟು, ಜರ್ಮನ್ ಚರಿಗೆ – ತಾಮ್ರ ಹಿತ್ತಾಳೆ ಕೊಳ್ಳುವ ತಾಕತ್ತಿಲ್ಲದವರು ಸಂತೆಯಿಂದ ತರುತ್ತಿದ್ದ ಹಗುರ ಸಾಮಾನು. ಕೈಜಾರಿ ಬಿದ್ದರೆ ನೆಗ್ಗುತ್ತದೆ, ಹುಣಸೆಹುಳಿ ತಾಗಿದರೆ ಬಣ್ಣಗೆಡುತ್ತದೆ. ಅದೇ ಶಬ್ದ ಹೊಸ್ತಿಲು ದಾಟಿ ಪಡಸಾಲೆಗೆ ಬಂದಿತೆಂದರೆ ಅದರ ಮಾನ ಒಮ್ಮೆಲೇ ಏರುತ್ತದೆ. ಪಡಸಾಲೆಯಲ್ಲಿ ಜರ್ಮನ್ ಎಂದರೆ ಪೇಟಿಯ ರೀಡು. “ಅವರ ಮನ್ಯಾಗ ಜರ್ಮನ್ ಪೇಟಿ ಐತಿ” ಎಂದು ಯಾರಾದರೂ ಅಂದರೆ, ಅವರಿಗೆ ನಾಲ್ಕು ಕೂರಿಗೆ ಎರಿ ಹೊಲವಿದೆ ಎಂದಷ್ಟೇ ಆ ಮಾತಿಗೆ ತೂಕ. ಒಂದೇ ದೇಶದ ಹೆಸರು ಒಲೆಯ ಮುಂದೆ ಬಡತನದ ಗುರುತು, ಪಡಸಾಲೆಯಲ್ಲಿ ದೊಡ್ಡಸ್ತಿಕೆಯ ಗುರುತು! ದೇಶದ ಹೆಸರು ಕೇಳಿ ವಸ್ತುವಿಗೆ ಬೆಲೆ ಕಟ್ಟುವ ನಮ್ಮ ಈ ರೂಢಿ ಎಷ್ಟು ಖರೆ? ಅದರಲ್ಲೂ ಕಣ್ಣಿಗೆ ಕಾಣದ ನಾದದ ವಿಷಯದಲ್ಲಿ ಎಷ್ಟು ಖರೆ?

ಪೇಟಿ ಎಂದರೆ ಹಾರ್ಮೋನಿಯಂ. ಮೈಸೂರು ಸೀಮೆಯ ಓದುಗರಿಗಾಗಿ ಇದನ್ನು ಹೇಳಬೇಕಾಯಿತು, ನಮ್ಮವರಿಗೆ ಬೇಕಿಲ್ಲ. ನಮ್ಮೂರು ಮಸಗುಪ್ಪಿ ಘಟಪ್ರಭೆಯ ದಂಡೆಯ ಮೇಲಿದೆ. ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಸುತ್ತಲಿನ ಸೀಮೆ ಶ್ರೀಕೃಷ್ಣ ಪಾರಿಜಾತದ ಸೀಮೆ. ಪಾರಿಜಾತವನ್ನು ಊರೂರಿಗೆ ಮುಟ್ಟಿಸಿದ ಕುಲಗೋಡ ತಮ್ಮಣ್ಣನ ಊರು ಇಲ್ಲಿಂದ ದೂರವಿಲ್ಲ. ಆ ಆಟಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆಯದು. ಇಂಥ ಕಡೆ ಪೇಟಿ ಎಂಬುದು ನೇಗಿಲು, ಕೂರಿಗೆಗಳ ಹಾಗೆ ಊರಿಗೆ ಬೇಕಾದ ಸಾಮಾನು. ನಾನು ಬುದ್ಧಿ ಬಂದಾಗಿನಿಂದ ನೋಡಿದಂತೆ ನಮ್ಮೂರಲ್ಲಿ ಮೂರು ಪೇಟಿಗಳಿದ್ದವು. ನಮ್ಮ ಮನೆಯದು ಜರ್ಮನ್. ಗುಡಿಯ ಭಜನೆಯವರದು ಕಲಕತ್ತೆಯ ಪೆಟ್ಟಿಗೆ, ಪ್ಯಾರಿಸ್ ರೀಡು. ಪಾರಿಜಾತದ ಮೇಳದವರದು ಪಾಲಿಟಾನಾ ರೀಡಿನದು. ಊರಿನ ಜನ ಇವನ್ನು ಇದೇ ಕ್ರಮದಲ್ಲಿ ಎಣಿಸುತ್ತಿದ್ದರು. ಜರ್ಮನ್ ಅಂದರೆ ಹಿರೇಮನಿ, ಪ್ಯಾರಿಸ್ ಅಂದರೆ ನಡುವಿನ ಮನಿ, ಪಾಲಿಟಾನಾ ಅಂದರೆ ‘ನಮ್ಮ ದೇಶದ್ದ, ನಡೀತೈತಿ’.

ರೀಡು ಎಂದರೆ ಏನೆಂದು ಪೇಟಿ ಬಿಚ್ಚಿ ನೋಡದವರಿಗೆ ತಿಳಿಯುವುದಿಲ್ಲ. ಒಂದು ಹಿತ್ತಾಳೆಯ ಪಟ್ಟಿ, ಅದರ ನಡುವೆ ಉದ್ದನೆಯ ಸೀಳು. ಆ ಸೀಳಿನ ಮೇಲೆ ಒಂದು ತುದಿಗೆ ಮಾತ್ರ ರಿವೆಟ್ ಹೊಡೆದು ಕೂಡಿಸಿದ ತೆಳ್ಳನೆಯ ಹಿತ್ತಾಳೆಯ ನಾಲಿಗೆ. ತಿದಿ ಒತ್ತಿದಾಗ ಗಾಳಿ ಆ ಸೀಳಿನಲ್ಲಿ ನುಗ್ಗುತ್ತದೆ, ನಾಲಿಗೆ ಮೇಲೆ ಕೆಳಗೆ ಬಡಿದಾಡುತ್ತದೆ, ನಾದ ಹುಟ್ಟುತ್ತದೆ. ಇಷ್ಟೇ ಗುಟ್ಟು. ಮೂರು ಸಪ್ತಕದ ಪೇಟಿಗೆ ೩೭ ಪಟ್ಟಿಗಳು; ಜೋಡು ರೀಡಿನ ಪೇಟಿಯಾದರೆ ೭೪ ನಾಲಿಗೆಗಳು. ಸ್ವರ ಏರಬೇಕಾದರೆ ನಾಲಿಗೆಯ ತುದಿಯಲ್ಲಿ ಅರ ಆಡಿಸಬೇಕು, ಇಳಿಯಬೇಕಾದರೆ ಬುಡದಲ್ಲಿ. ತುದಿ ಹಗುರಾದರೆ ಬೇಗ ಬಡಿಯುತ್ತದೆ, ಬುಡ ಸಡಿಲಾದರೆ ನಿಧಾನ ಬಡಿಯುತ್ತದೆ. ನಾಲಿಗೆಗೂ ಸೀಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಸಂದು ಹೆಚ್ಚಾದರೆ ಗಾಳಿ ವ್ಯರ್ಥ ಸೋರಿ ಪೇಟಿ ಉಬ್ಬಸ ಬಂದವರ ಹಾಗೆ ಹಾಡುತ್ತದೆ. ಸಂದೇ ಇಲ್ಲದಿದ್ದರೆ ನಾಲಿಗೆ ಅಂಚಿಗೆ ತಾಗಿ ಗರಗರ ಎನ್ನುತ್ತದೆ. ಒಳ್ಳೆಯ ರೀಡು, ಕೆಟ್ಟ ರೀಡು ಎಂಬ ಭೇದದಲ್ಲಿ ಬಹುಪಾಲು ಈ ಕೂದಲೆಳೆಯದೇ.

ಇನ್ನು ಇದು ಬಂದ ದಾರಿ ನೋಡಿದರೆ ನಗು ಬರುತ್ತದೆ. ಗಾಳಿಗೆ ಅಲುಗುವ ಇಂಥ ನಾಲಿಗೆಯ ವಾದ್ಯ ಬಹು ಹಿಂದೆಯೇ ಚೀನಾದಲ್ಲಿತ್ತು. ಶೆಂಗ್ ಎಂದು ಅದರ ಹೆಸರು. ಯುರೋಪಿನವರು ಆ ತತ್ವವನ್ನು ಹಿಡಿದು ನಾನಾ ಪ್ರಯೋಗ ಮಾಡಿದರು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ೧೮೪೨ರಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಿನಲ್ಲಿ ಹಕ್ಕು ಪಡೆದ. ಅದು ಕುರ್ಚಿಯ ಮೇಲೆ ಕೂತು ಕಾಲಿನಿಂದ ತುಳಿಯುವ ವಾದ್ಯ. ಪಾದ್ರಿಗಳ ಸಂಗಡ, ಸಾಹೇಬರ ಸಂಗಡ ಅದು ಹಡಗು ಹತ್ತಿ ಬಂತು. ನೆಲದ ಮೇಲೆ ಕೂತು ಹಾಡುವ ನಮಗೆ ಕುರ್ಚಿ ಎಲ್ಲಿಯದು? ಕಲಕತ್ತೆಯಲ್ಲಿ ೧೮೭೫ರಲ್ಲಿ ದ್ವಾರಕಿನ್ ಎಂಬ ಅಂಗಡಿ ತೆರೆದ ದ್ವಾರಕಾನಾಥ ಘೋಷರು ಅದರ ಕಾಲು ಕತ್ತರಿಸಿ, ತಿದಿಯನ್ನು ಬೆನ್ನಿಗೆ ಹಚ್ಚಿ, ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವ ಪೆಟ್ಟಿಗೆ ಮಾಡಿದರು. ಪೆಟ್ಟಿಗೆ ಸ್ವದೇಶಿಯಾಯಿತು, ಆದರೆ ಒಳಗಿನ ನಾಲಿಗೆ ಪರದೇಶದ್ದೇ ಉಳಿಯಿತು. ಪ್ಯಾರಿಸ್ಸಿನಿಂದ, ಜರ್ಮನಿಯಿಂದ ರೀಡುಗಳು ಪುಡಿಕೆ ಕಟ್ಟಿ ಬರುತ್ತಿದ್ದವು. ೧೯೧೩ರಲ್ಲಿ ಹುಟ್ಟಿದ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯಲ್ಲಿ ಪಾಲುದಾರರಾಗಿದ್ದ ಗೋವಿಂದರಾವ್ ಟೇಂಬೆಯವರು ಸ್ವತಃ ದೊಡ್ಡ ಪೇಟಿವಾದಕರು. ಅಂಥ ಕಂಪನಿಗಳ ನಾಟ್ಯಸಂಗೀತ ಕೇಳಿದ ನಮ್ಮ ಕಡೆಯ ಜನಕ್ಕೂ ಪೇಟಿಯ ಹುಚ್ಚು ಹಿಡಿಯಿತು. ಆಮೇಲೆ ಎರಡು ಮಹಾಯುದ್ಧಗಳು ಬಂದವು, ಹಡಗು ನಿಂತವು. ಸ್ವಾತಂತ್ರ್ಯದ ನಂತರ ಆಮದಿಗೆ ಕಟ್ಟುಕಟ್ಟಳೆ ಬಂತು. ಗುಜರಾತದಲ್ಲಿ ಶತ್ರುಂಜಯ ಗುಡ್ಡದ ಬುಡದಲ್ಲಿರುವ ಜೈನರ ಯಾತ್ರಾಸ್ಥಳ ಪಾಲಿಟಾನಾದ ಕಸಬುದಾರರ ರೀಡುಗಳು ದೇಶಕ್ಕೆಲ್ಲ ಪೂರೈಕೆಯಾದವು. ಇವತ್ತು ಹೊಸ ಪೇಟಿಯಲ್ಲಿ ನೀವು ಕೇಳುವ ಒಳ್ಳೆಯ ನಾದ ಹೆಚ್ಚಾಗಿ ಅಲ್ಲಿಯದೇ.

ಮೂರರ ನಾದದಲ್ಲಿ ಭೇದವಿಲ್ಲ ಎಂದು ನಾನು ಹೇಳಲಾರೆ. ಭೇದವಿತ್ತು. ನಮ್ಮ ಮನೆಯ ಜರ್ಮನ್ ಪೇಟಿ ಬೆರಳು ಇಡುವುದೇ ತಡ, ಮಾತಾಡುತ್ತಿತ್ತು. ತಿದಿಯನ್ನು ಎರಡು ಬೆರಳಿನಿಂದ ಸೋಕಿದರೆ ಸಾಕು, ಸ್ವರ ಚಟ್ಟನೆ ಎದ್ದು ನಿಲ್ಲುತ್ತಿತ್ತು, ಎಳೆಯ ಸೌತೆಕಾಯಿ ಮುರಿದ ಹಾಗೆ. ತಾನು ನುಡಿಸುವುದಕ್ಕೆ, ಮಕ್ಕಳಿಗೆ ಅಲಂಕಾರ ಕಲಿಸುವುದಕ್ಕೆ ಅಪ್ಪನಿಗೆ ಅದು ಹೇಳಿ ಮಾಡಿಸಿದಂತಿತ್ತು. ಗುಡಿಯ ಪ್ಯಾರಿಸ್ ಪೇಟಿ ನಿಧಾನಿ. ಸ್ವರ ಏಳಲು ಅರೆಕ್ಷಣ ತಗೊಳ್ಳುತ್ತಿತ್ತು. ಎದ್ದ ಮೇಲೆ ಮಾತ್ರ ದುಂಡಗೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಬಂದ ಬೆಲ್ಲದ ಹಾಗೆ ಎಳೆಎಳೆಯಾಗಿ ಇಳಿಯುತ್ತಿತ್ತು. ನಾಲ್ಕು ಗೋಡೆಯ ಸಣ್ಣ ಗುಡಿಯಲ್ಲಿ ಹತ್ತು ಮಂದಿ ಮುದುಕರು ಭಜನೆ ಮಾಡುವಾಗ ಅದರ ಮುಂದೆ ಬೇರೆ ಪೇಟಿ ಬೇಡ. ಮೇಳದ ಪಾಲಿಟಾನಾ ಪೇಟಿಗೆ ಗಾಳಿ ಹೆಚ್ಚು ಬೇಕು. ನುಡಿಸುವವನ ಎಡಗೈ ಬೆಳಗಾಗುವುದರೊಳಗೆ ಸೋತು ಹೋಗುತ್ತಿತ್ತು. ಆದರೆ ಅದರ ಕಂಠ ದೊಡ್ಡದು. ಬಯಲಿನಲ್ಲಿ, ಬೀಸುವ ಗಾಳಿಯಲ್ಲಿ, ಕರಿ ನಾಲ್ಕರಲ್ಲಿ ಏರಿದ ಸತ್ಯಭಾಮೆಯ ದನಿಯ ಬೆನ್ನಿಗೆ ಅದು ಗಟ್ಟಿಯಾಗಿ ನಿಲ್ಲುತ್ತಿತ್ತು. ನಮ್ಮ ಜರ್ಮನ್ ಪೇಟಿಯನ್ನು ಒಮ್ಮೆ ಆಟಕ್ಕೆ ಒಯ್ದಿದ್ದರು. ಕೊನೆಯ ಸಾಲಿನಲ್ಲಿ ಕೂತವರಿಗೆ ಅದು ಕೇಳಲೇ ಇಲ್ಲ. ಹಿರೇಮನಿಯ ಸೊಸೆ ಹೊಲಕ್ಕೆ ಬಂದ ಹಾಗಾಯಿತು ಎಂದು ಮೇಳದವರು ನಕ್ಕರು. ಹೀಗಾಗಿ ‘ಯಾವುದು ಛಲೋ’ ಎಂಬ ಪ್ರಶ್ನೆಯ ಸಂಗಡ ‘ಯಾವ ಕೆಲಸಕ್ಕೆ’ ಎಂಬ ಪ್ರಶ್ನೆಯೂ ಬರಬೇಕು.

ತೊಂಬತ್ತರ ದಶಕದಲ್ಲಿ ಒಂದು ಶ್ರಾವಣದಲ್ಲಿ ಗುಡಿಯ ಸಪ್ತಾಹಕ್ಕೆಂದು ಮೂರೂ ಪೇಟಿಗಳು ಒಂದೇ ಕಡೆ ಸೇರಿದ್ದವು. ರಾತ್ರಿ ಹತ್ತರ ಹೊತ್ತಿಗೆ ದೀಪ ಹೋದವು. ಆಗಿನ ದಿನಗಳಲ್ಲಿ ಅದು ನಿತ್ಯದ ಕಥೆ. ಕಂದೀಲು ಬರುವತನಕ ಹೊತ್ತು ಕಳೆಯಲು ಹುಡುಗರು ಕತ್ತಲಲ್ಲಿ ಒಂದೊಂದೇ ಪೇಟಿ ನುಡಿಸಿ “ಇದು ಯಾವ ದೇಶದ್ದು ಹೇಳ್ರಿ?” ಎಂದು ಹಿರಿಯರನ್ನು ಕೆಣಕಿದರು. ಜರ್ಮನ್ ಎಂದು ತಲೆದೂಗಿದ್ದು ಗುಡಿಯ ಪ್ಯಾರಿಸ್ ಪೇಟಿಗೆ. ಪಾಲಿಟಾನಾ ಎಂದು ಮೂಗು ಮುರಿದದ್ದು ನಮ್ಮ ಮನೆಯದಕ್ಕೆ! ಒಬ್ಬ ತಬಲಾದ ಅಜ್ಜ ಮಾತ್ರ ಮೂರನ್ನೂ ಸರಿಯಾಗಿ ಹೇಳಿದ. ಎಲ್ಲರೂ ಅವನ ಕಿವಿಯನ್ನು ಹೊಗಳಿದರು. ಅವನು ನಕ್ಕು ಅಂದ: “ನಾದ ಯಾರು ಕೇಳ್ಯಾರಪಾ? ಇವರ ಪೇಟಿ ತಿದಿ ಬಿಟ್ಟಾಗ ಕುಂಯ್ ಅಂತೈತಿ, ಮೇಳದ್ದರ ಒಂದ ಪಟ್ಟಿ ಟಕ್ ಅಂತೈತಿ, ಉಳದದ್ದ ಗುಡೀದು.” ಸ್ವರಕ್ಕಿಂತ ಮೊದಲು ಅವನು ಉಸಿರನ್ನು ಕೇಳಿದ್ದ.

ಇದೇ ಜಗಳ ಬೇರೆ ಕಡೆಯೂ ಉಂಟು ಎಂದು ನನಗೆ ಗೊತ್ತಾದದ್ದು ನನ್ನ ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ನೌಕರಿ ಮಾಡುವ ಅವನಿಗೆ ಇಲೆಕ್ಟ್ರಿಕ್ ಗಿಟಾರಿನ ಮೋಹ. ರಜೆಗೆ ಬಂದಾಗ ತನ್ನ ಗಿಟಾರು ತಂದು ಅದರ ಮೇಲಿನ ಅಕ್ಷರ ತೋರಿಸಿದ: ಹೆಸರು ಅಮೇರಿಕದ ಫೆಂಡರ್ ಕಂಪನಿಯದು, ಮಾಡಿದ್ದು ಮೆಕ್ಸಿಕೋದಲ್ಲಿ. ಅಮೇರಿಕದಲ್ಲೇ ಮಾಡಿದ್ದಕ್ಕೆ ದುಪ್ಪಟ್ಟಿಗಿಂತ ಹೆಚ್ಚು ಬೆಲೆಯಂತೆ. ಅವನ ಗೆಳೆಯರಲ್ಲಿ ಅಮೇರಿಕದ್ದು ಹಿರೇಮನಿ, ಜಪಾನಿನದು ನಡುವಿನ ಮನಿ, ಮೆಕ್ಸಿಕೋದ್ದು ‘ನಡೀತೈತಿ’. ನನಗೆ ನಮ್ಮೂರ ಮೂರು ಪೇಟಿಗಳೇ ಕಣ್ಣ ಮುಂದೆ ಬಂದವು. ಅವನು ಹೇಳಿದ ಚರಿತ್ರೆ ಇನ್ನೂ ಸ್ವಾರಸ್ಯದ್ದು. ೧೯೬೫ರಲ್ಲಿ ಆ ಕಂಪನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆ ಕೊಂಡಿತು. ಆ ನಂತರದ ಗಿಟಾರುಗಳು ಮೊದಲಿನಂತಿಲ್ಲ ಎಂದು ವಾದಕರು ಗೊಣಗತೊಡಗಿದರು. ಅತ್ತ ಜಪಾನಿನವರು ನಕಲು ಮಾಡುತ್ತ ಮಾಡುತ್ತ ಎಷ್ಟು ಕೈ ಪಳಗಿಸಿಕೊಂಡರೆಂದರೆ, ೧೯೮೨ರಲ್ಲಿ ಫೆಂಡರ್ ಕಂಪನಿಯೇ ಜಪಾನಿಗೆ ಹೋಗಿ ಅವರ ಕೈಯಿಂದ ತನ್ನ ಹೆಸರಿನ ಗಿಟಾರು ಮಾಡಿಸಿತು. ೧೯೮೫ರಲ್ಲಿ ಕಂಪನಿಯನ್ನು ಅದರ ನೌಕರ ವರ್ಗದವರೇ ಮರಳಿ ಕೊಂಡರು, ೧೯೮೭ರಲ್ಲಿ ಮೆಕ್ಸಿಕೋದ ಎನ್ಸೆನಾಡಾದಲ್ಲಿ ಕಾರಖಾನೆ ತೆರೆದರು. ಅಂದರೆ ದೇಶ ಒಂದೇ ಇದ್ದರೂ ವರ್ಷ ಬದಲಾದರೆ ಕಿಮ್ಮತ್ತು ಬದಲು. ನಿನ್ನೆ ನಕಲಿ ಅನ್ನಿಸಿಕೊಂಡವನು ಇಂದು ಗುರು. ಆ ಗಿಟಾರಿನ ನಾದವಾದರೂ ಎಲ್ಲಿಯದು? ಬಹುಮಟ್ಟಿಗೆ ತಂತಿಯ ಕೆಳಗೆ ಕೂತ ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ತಂತಿಯದು, ಮತ್ತೆ ಅದನ್ನು ದೊಡ್ಡದು ಮಾಡುವ ಪೆಟ್ಟಿಗೆಯದು. ಕಟ್ಟಿಗೆಯ ಪಾಲೆಷ್ಟು ಎಂಬ ಬಗ್ಗೆ ಅವರಲ್ಲಿ ಇನ್ನೂ ಜಗಳ ಮುಗಿದಿಲ್ಲವಂತೆ.

ಪೇಟಿಗಾದರೆ ಈ ದೇಶದ ಪ್ರಶ್ನೆ ಬೇರೊಂದು ರೀತಿಯಲ್ಲೂ ಕಂಟಕವಾಯಿತು. ಅದು ಪರದೇಶದ್ದು ಎಂಬುದೇ ಅದರ ಮೇಲಿನ ಆರೋಪ. ೧೯೪೦ರ ಮಾರ್ಚ್ ೧ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಸಂಗೀತದಿಂದ ಹೊರಹಾಕಿತು. ರವೀಂದ್ರನಾಥ ಠಾಕೂರರಿಗೂ ಈ ವಾದ್ಯ ಸೇರುತ್ತಿರಲಿಲ್ಲ. ಬಹಿಷ್ಕಾರ ಭಾಗಶಃ ಸಡಿಲಾದದ್ದು ೧೯೭೧ರಲ್ಲಿ. ಆರೋಪದಲ್ಲಿ ಹುರುಳಿತ್ತು. ಪೇಟಿಗೆ ಮೀಂಡ್ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಯುರೋಪಿನವರು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ ಅದರ ಶುದ್ಧ ಗಾಂಧಾರ ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಯ ಅಂತರವನ್ನು ನೂರು ಪಾಲು ಮಾಡಿದರೆ ಸುಮಾರು ೧೪ ಪಾಲಿನಷ್ಟು ಏರು. ಬಲ್ಲವರ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಹಳ್ಳು. ಆದರೆ ಈ ದೋಷ ರೀಡಿನ ದೇಶದ್ದಲ್ಲ, ಅರ ಹಿಡಿದವನ ಲೆಕ್ಕದ್ದು. ಗಾಯಕನ ಪಟ್ಟಿ ಗೊತ್ತಿದ್ದು ಗಾಂಧಾರದ ಬುಡದಲ್ಲಿ ನಾಲ್ಕು ಸಲ ಅರ ಆಡಿಸಿದರೆ ಜರ್ಮನಿಯ ನಾಲಿಗೆಯೂ ನಮ್ಮ ಭಾಷೆ ಆಡುತ್ತದೆ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆಯವರ (೧೯೧೭–೨೦೧೦) ಪೇಟಿ ಕೇಳಿದವರು ಈ ವಾದ್ಯ ಪರದೇಶದ್ದು ಎಂಬ ಮಾತನ್ನು ಮತ್ತೆ ಎತ್ತಲಾರರು.

ಈಗ ನಮ್ಮ ಪೇಟಿಯ ಸಂಗತಿಗೆ ಬರುತ್ತೇನೆ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿತು. ಮಕ್ಕಳು ಮುದುಕರು, ಆಮೇಲೆ ದನ, ಆಮೇಲೆ ಕಾಳು – ಈ ಕ್ರಮದಲ್ಲಿ ಊರು ಎತ್ತರಕ್ಕೆ ಏರಿತು. ನೀರು ಇಳಿದ ಮೇಲೆ ಮರಳಿ ಬಂದಾಗ ಪೇಟಿ ಪಡಸಾಲೆಯ ಮೂಲೆಯಲ್ಲಿ ರಾಡಿ ಮೆತ್ತಿಕೊಂಡು ಕೂತಿತ್ತು. ಕಟ್ಟಿಗೆ ಉಬ್ಬಿತ್ತು, ಸರೇಸು ಕರಗಿ ಸಂದುಗಳೆಲ್ಲ ಬಿಟ್ಟಿದ್ದವು, ತಿದಿಯ ತೊಗಲು ಕಿತ್ತು ಬಂದಿತ್ತು, ರೀಡುಗಳಿಗೆ ಹಸಿರು ಕಿಲುಬು ಹತ್ತಿತ್ತು. ಅಪ್ಪ ತೀರಿ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. “ಇನ್ನ ಅದರಾಗ ಏನೈತಿ, ಒಲಿಗಿ ಹಾಕ್ರಿ” ಎಂದು ಯಾರೋ ಅಂದರು. ನನಗೆ ಮನಸ್ಸಾಗಲಿಲ್ಲ. ನೆರಳಲ್ಲಿ ತಿಂಗಳೊಪ್ಪತ್ತು ಒಣಗಿಸಿ, ಗೋಣಿಚೀಲದಲ್ಲಿ ಸುತ್ತಿ, ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮಿರಜಿಗೆ ಒಯ್ದೆ. ಸಿತಾರು, ತಂಬೂರಿ ಮಾಡುವವರ ಊರು ಮಿರಜ. ಪೇಟಿ ರಿಪೇರಿ ಬಲ್ಲವರೂ ಅಲ್ಲಿದ್ದಾರೆ.

ನಾನು ಹೋದದ್ದು ಎಪ್ಪತ್ತು ದಾಟಿದ ಒಬ್ಬ ಕಸಬುದಾರರ ಹತ್ತಿರ. ಅವರು ಪೇಟಿಯ ಹೊಟ್ಟೆ ಬಿಚ್ಚಿ ರೀಡುಗಳನ್ನು ಒಂದೊಂದೇ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಂದನ್ನು ನನ್ನ ಕಣ್ಣಿಗೆ ಹಿಡಿದರು. ಅದರ ಮೇಲೆ ‘ಎಚ್’ ಎಂಬ ಇಂಗ್ಲಿಷ್ ಅಕ್ಷರದ ಸಣ್ಣ ಮುದ್ರೆ. “ಇದು ಜರ್ಮನಿಯ ಖೂನ” ಅಂದರು. ಇಂಗ್ಲಿಷರು ‘ಬಿ’ ಎಂದು ಬರೆಯುವ ಸ್ವರವನ್ನು ಜರ್ಮನರು ‘ಎಚ್’ ಎಂದು ಬರೆಯುತ್ತಾರೆ. ನಮ್ಮ ಮನೆಯ ದೊಡ್ಡಸ್ತಿಕೆಗೆ ಕೊನೆಗೂ ಪುರಾವೆ ಸಿಕ್ಕಿತು ಎಂದು ನಾನು ಹಿಗ್ಗುವಷ್ಟರಲ್ಲಿ ಅವರು ಇನ್ನೊಂದು ಸಾಲು ತೋರಿಸಿ ನಕ್ಕರು: “ಇವು ಹದಿನೇಳು ಮಾತ್ರ ಗುಜರಾತದವು, ಪಾಲಿಟಾನಾ.” ರೀಡು ಕೂಡಿಸುವ ಹಲಗೆಯ ಅಡಿಯಲ್ಲಿ ಪೆನ್ಸಿಲಿನ ಬರಹವಿತ್ತು. ಪೇಟಿ ಶ್ರುತಿ ಮಾಡಿದವರು ಒಳಗೆ ಹೀಗೆ ಗುರುತು ಬರೆದಿಡುತ್ತಿದ್ದರಂತೆ. ಮೂರು ಕೈಯ ಬರಹ, ಮೂರು ತಾರೀಖು. ನಡುವಿನದು ೧೯೭೪ರದ್ದು, ಮೋಡಿ ಲಿಪಿಯಲ್ಲಿ. ಹದಿನೇಳು ಹೊಸ ಸೂರು ಹಾಕಿದ ಲೆಕ್ಕ ಅದರಲ್ಲಿತ್ತು.

ಅಂದರೆ ಊರವರು ಜರ್ಮನ್ ಜರ್ಮನ್ ಎಂದು ಕೊಂಡಾಡಿದ ಆ ನಾದ ನಾಲ್ವತ್ತೈದು ವರ್ಷ ಎರಡು ದೇಶದ ನಾದವಾಗಿತ್ತು. ನಡುವಿನ ಸಪ್ತಕದಲ್ಲಿ, ಅಪ್ಪನ ಬೆರಳು ಅತಿ ಹೆಚ್ಚು ಓಡಾಡಿದ ಜಾಗದಲ್ಲಿ, ಸವೆದ ನಾಲಿಗೆಗಳನ್ನು ತೆಗೆದು ಹೊಸವನ್ನು ಇಟ್ಟಿದ್ದರು. ಅಪ್ಪನಿಗೆ ಇದು ಗೊತ್ತಿರಲೇಬೇಕು. ಶ್ರುತಿ ಮಾಡುವಾಗ ಪಕ್ಕದಲ್ಲಿ ಕೂತು ಸ್ವರ ಹೇಳದೆ ಬರುವ ಮನುಷ್ಯ ಅವನಲ್ಲ. ಆದರೆ ಒಂದು ದಿನವೂ ಅವನು ಬಾಯಿಬಿಟ್ಟಿರಲಿಲ್ಲ. ಊರ ಮಂದಿಯ ನಂಬಿಗೆ ಕೆಡಿಸಬಾರದೆಂದೋ, ಹೇಳುವಂಥ ಭೇದವೇ ಅವನ ಕಿವಿಗೆ ಉಳಿದಿರಲಿಲ್ಲವೋ, ಈಗ ಕೇಳೋಣವೆಂದರೆ ಅವನಿಲ್ಲ. ಹಳೆಯ ಹಿತ್ತಾಳೆಗೆ ಹೊಸ ಹಿತ್ತಾಳೆಯನ್ನು ಸರಿಹೊಂದಿಸಿ, ನಾಲಿಗೆಯ ಬಾಗು, ಸಂದು, ಭಾರ ಎಲ್ಲ ನೋಡಿ, ಸೇರಿದ ಜಾಗವೇ ಕೇಳದಂತೆ ಮಾಡಿದ ಆ ೧೯೭೪ರ ಕೈ ಯಾರದೋ ತಿಳಿಯದು. ನಾವು ದೇಶಕ್ಕೆ ಕೊಟ್ಟ ಹೊಗಳಿಕೆಯಲ್ಲಿ ಬಹಳಷ್ಟು ಅವನಿಗೆ ಸಲ್ಲಬೇಕಾದದ್ದು.

ನೆರೆಯ ನೀರಿನಲ್ಲಿ ಇನ್ನೂ ಹನ್ನೊಂದು ರೀಡು ಕೆಟ್ಟಿದ್ದವು. ಅವಕ್ಕೂ ಪಾಲಿಟಾನಾದವೇ ಬಂದವು. ಮುದುಕರು ಎರಡು ತಿಂಗಳು ತೆಗೆದುಕೊಂಡರು. ಕಿಲುಬು ತೆಗೆದರೆ ನಾಲಿಗೆಯ ತೂಕ ಬದಲಾಗುತ್ತದೆ, ಶ್ರುತಿ ಬದಲಾಗುತ್ತದೆ. ಆದ್ದರಿಂದ ೭೪ನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಇಂದು ನಮ್ಮ ಪೇಟಿಯಲ್ಲಿ ೪೬ ಜರ್ಮನಿಯವು, ೨೮ ಗುಜರಾತದವು, ಕಟ್ಟಿಗೆ ಎಲ್ಲಿಯದೋ, ತೊಗಲು ಮಿರಜಿನದು. ಮೊದಲಿನ ಆ ಚಟ್ಟನೆಯ ಗುಣ ತುಸು ಕಡಿಮೆಯಾಗಿದೆ, ನಾದಕ್ಕೆ ಕೊಂಚ ಗಾತ್ರ ಬಂದಿದೆ. ಭಜನೆಯವರು ಬಂದು ಕೇಳಿ, “ಜರ್ಮನ್ ಅಂದ್ರ ಜರ್ಮನ್ ನೋಡ್ರಿ, ಹೊಳಿ ನೀರು ಕುಡದರೂ ದನಿ ಬದಲಾಗಿಲ್ಲ” ಅಂದರು. ನಾನು ಅಪ್ಪನ ಹಾಗೆ ಸುಮ್ಮನಿದ್ದೆ.

ಸುಮ್ಮನಿರಲಾಗದ ಮಾತು ಬೇರೆ ಇದೆ. ಆ ಮುದುಕರ ಹತ್ತಿರ ಕೆಲಸ ಕಲಿಯುವ ಹುಡುಗ ಒಬ್ಬನೂ ಇರಲಿಲ್ಲ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಅದು ತಪ್ಪೂ ಅಲ್ಲ. ಒಂದು ಪೇಟಿಗೆ ಎರಡು ತಿಂಗಳು ಕೂತರೆ ಮನೆ ನಡೆಯುವುದು ಹೇಗೆ? ನಮ್ಮೂರ ಮೇಳದವರೂ ಈಗ ಕೆಲವು ಆಟಕ್ಕೆ ಕೀಬೋರ್ಡು ಒಯ್ಯುತ್ತಾರೆ. ಗಾಳಿ ಹಾಕುವ ಶ್ರಮವಿಲ್ಲ, ಶ್ರುತಿ ಕೆಡುವುದಿಲ್ಲ, ಮೈಕಿನಲ್ಲಿ ಊರಾಚೆಗೂ ಕೇಳುತ್ತದೆ. ಅವರನ್ನು ಬೈಯುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಆದರೆ ಪೇಟಿ ಇಟ್ಟುಕೊಂಡ ಮನೆಗಳು ಇನ್ನೂ ಸಾಕಷ್ಟಿವೆ. ಅವು ಒಂದೊಂದಾಗಿ ಮೂಕವಾದರೆ ರೀಡು ಸಿಗದೆ ಮೂಕವಾಗುವುದಿಲ್ಲ, ಪಾಲಿಟಾನಾದವು ಅಂಚೆಯಲ್ಲಿ ಬರುತ್ತವೆ. ಅರ ಹಿಡಿದು ಕಿವಿಗೊಟ್ಟು ಕೂಡುವವರಿಲ್ಲದೆ ಮೂಕವಾಗುತ್ತವೆ.

ಪೇಟಿ ಕೊಳ್ಳುವವರು ಕೆಲವರು ಈಗಲೂ ನನ್ನನ್ನು ಸಂಗಡ ಕರೆದೊಯ್ಯುತ್ತಾರೆ. ಅಂಗಡಿಯವನು ಜರ್ಮನ್ ಎಂದು ಶುರು ಮಾಡುತ್ತಾನೆ. ನಾನು ಪಟ್ಟಿಗಳನ್ನೆಲ್ಲ ಮುಚ್ಚಿ ತಿದಿ ಒತ್ತಿ ಹಿಡಿಯುತ್ತೇನೆ, ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತೇನೆ. ಅತಿ ಕಡಿಮೆ ಗಾಳಿಯಲ್ಲಿ ಒಂದೊಂದೇ ಪಟ್ಟಿ ಒತ್ತಿ, ಯಾವುದು ತಡಮಾಡಿ ಏಳುತ್ತದೆ, ಯಾವುದು ಗರಗರ ಎನ್ನುತ್ತದೆ ಎಂದು ಕೇಳುತ್ತೇನೆ. ಷಡ್ಜ ಪಂಚಮ ಕೂಡಿಸಿ ಹಿಡಿದು ನಾದದಲ್ಲಿ ಅಲೆ ಏಳುತ್ತದೆಯೇ ಎಂದು ಕಣ್ಣುಮುಚ್ಚಿ ಕೂಡುತ್ತೇನೆ. ಜೋಡು ರೀಡನ್ನು ಬೇರೆ ಬೇರೆ ಮಾಡಿ, ಕೂಡಿಸಿ ಕೇಳುತ್ತೇನೆ. ಇಷ್ಟಾದ ಮೇಲೆ ಅಂಗಡಿಯವನಿಗೆ ಒಂದೇ ಪ್ರಶ್ನೆ: “ಇದನ್ನ ಶ್ರುತಿ ಮಾಡಿದವರು ಯಾರು, ಕೆಟ್ಟರ ಅವರ ಕಡೆ ಒಯ್ಯಬಹುದೇನು?” ಹೆಸರು, ಊರು ಹೇಳಿದರೆ ಅವನ್ನು ಬರೆದುಕೊಳ್ಳುತ್ತೇನೆ. ರೀಡು ಯಾವ ದೇಶದ್ದೆಂದು ಅವನು ಕೇಳದಿದ್ದರೂ ಹೇಳುತ್ತಾನೆ. ಹೇಳಲಿ, ಅದನ್ನೂ ಕೇಳಿಕೊಂಡು ಬಂದರಾಯಿತು.